ಚೀನೀ ಅತ್ತೆ ಮಾಡಿದ ಬಾಣಂತನ

ಚೊಚ್ಚಲ ಬಾಣಂತನ ತವರುಮನೆಯದು ಎಂಬುದು ನಮ್ಮ ಧಾರವಾಡದ ಕಡೆ ಯಾರೂ ಚರ್ಚೆಗೆ ತರದ ಲೆಕ್ಕ. ಆದರೆ 2010ರ ಜೂನ್ ತಿಂಗಳಲ್ಲಿ ನನ್ನ ಮಗಳು ಹುಟ್ಟಿದಾಗ ನಾನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದೆ. ಅಪ್ಪನಿಗೆ ಎರಡು ತಿಂಗಳ ಹಿಂದಷ್ಟೇ ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಅವ್ವ ಹೊರಡುವಂತಿರಲಿಲ್ಲ. ಅವಳು ಫೋನಿನಲ್ಲಿ ಅತ್ತದ್ದು ಮೊಮ್ಮಗುವನ್ನು ನೋಡಲಾಗಲಿಲ್ಲ ಎಂದಲ್ಲ, ಮಗಳ ಬಾಣಂತನ ಯಾರದೋ ಕೈಗೆ ಹೋಯಿತಲ್ಲ ಎಂದು. ಆ ಕೈ ನನ್ನ ಅತ್ತೆಯವರದು. ಅವರು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ತಾಯ್‌ಶಾನ್ ಸೀಮೆಯ ಒಂದು ಹಳ್ಳಿಯಲ್ಲಿ 1950ರಲ್ಲಿ ಹುಟ್ಟಿ, 1984ರಲ್ಲಿ ಗಂಡ ಮತ್ತು ಏಳು ವರ್ಷದ ಮಗನೊಂದಿಗೆ ಈ ಊರಿಗೆ ಬಂದವರು. ಆ ಮಗನನ್ನು ನಾನು 2006ರಲ್ಲಿ ಮದುವೆಯಾದೆ. ಚೀನೀಯರಲ್ಲಿ ಲೆಕ್ಕ ನಮ್ಮದಕ್ಕೆ ತಿರುಗುಮುರುಗು. ಬಾಣಂತನ ಸಾಮಾನ್ಯವಾಗಿ ಗಂಡನ ತಾಯಿಯ ಹೊಣೆ. ಅದನ್ನು ಅವರು 'ತಿಂಗಳು ಕೂರುವುದು' ಎನ್ನುತ್ತಾರೆ. ನಾನು ಕೂರುತ್ತೇನೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ, ಧಾರವಾಡದಲ್ಲಿದ್ದರೂ ಕೇಳುತ್ತಿರಲಿಲ್ಲ.

ಅತ್ತೆಯನ್ನು ಏನೆಂದು ಕರೆಯಬೇಕೆಂಬ ತೊಡಕು ಮದುವೆಯಾದ ದಿನದಿಂದಲೂ ಇತ್ತು. ಅವರ ಮನೆಯೊಳಗಿನ ಮಾತು ತಾಯ್‌ಶಾನ್ ನುಡಿ, ಹೊರಗಿನದು ಕ್ಯಾಂಟನೀಸ್. ಗಂಡನ ತಾಯಿಯನ್ನು ಗೌರವದಿಂದ ಕರೆಯುವ ಕ್ಯಾಂಟನೀಸ್ ಪದವೆಂದು ನನ್ನ ಗಂಡ ಹೇಳಿಕೊಟ್ಟದ್ದು 'ನಾಯ್‌ನಾಯ್'. ಅವ್ವ ಫೋನಿನ ಆ ತುದಿಯಲ್ಲಿ ಕೇಳಿಸಿಕೊಳ್ಳುತ್ತಿರುವಾಗ ನಾನು ಅತ್ತೆಯನ್ನು ಹಾಗೆ ಕೂಗುವುದು ಸಾಧ್ಯವೇ ಇರಲಿಲ್ಲ. ಮೊಮ್ಮಕ್ಕಳು ತಂದೆಯ ತಾಯಿಯನ್ನು ಕರೆಯುವ ಪದವಾದರೂ ಬಳಸೋಣವೆಂದರೆ ಅದು 'ಮಾಮಾ'. ಕಡೆಗೆ ನಾನು 'ಅತ್ತೆ' ಎಂದೇ ಕರೆದೆ. ಅದರ ಅರ್ಥವನ್ನು ಮಗನಿಂದ ಕೇಳಿ ತಿಳಿದುಕೊಂಡು, ಎರಡು ಸಲ ಬಾಯಲ್ಲಿ ಹೇಳಿ ನೋಡಿ, ಆಗಬಹುದು ಎಂಬಂತೆ ತಲೆಯಾಡಿಸಿದ್ದರು.

ಬಾಣಂತನದ ಕೆಲಸ ಹೆರಿಗೆಗೆ ಒಂದು ತಿಂಗಳು ಮೊದಲೇ ಆರಂಭವಾಯಿತು. ಮೇ ತಿಂಗಳ ಒಂದು ಶನಿವಾರ ಅತ್ತೆ ನನ್ನನ್ನು ಚೈನಾಟೌನಿನ ಸ್ಟಾಕ್‌ಟನ್ ಬೀದಿಗೆ ಕರೆದೊಯ್ದರು. ಪ್ರವಾಸಿಗರು ಸುತ್ತುವ ಗ್ರಾಂಟ್ ಅವೆನ್ಯೂವಿಗೆ ಅವರು ಕಾಲಿಡುವುದಿಲ್ಲ. ಸಂತೆಯೆಂದರೆ ಅವರಿಗೆ ಸ್ಟಾಕ್‌ಟನ್. ಅಲ್ಲಿ ಒಂದು ಅಂಗಡಿಯ ಮುಂದೆ ಪೆಟ್ಟಿಗೆಗಳಲ್ಲಿ ಸುರಿದಿದ್ದ ಶುಂಠಿಯನ್ನು ಒಂದೊಂದಾಗಿ ಎತ್ತಿ, ಉಗುರಿನಿಂದ ಸಿಪ್ಪೆ ಕೆರೆದು, ಮೂಸಿ, ಎಳೆಯದನ್ನೆಲ್ಲ ಪಕ್ಕಕ್ಕೆ ತಳ್ಳಿ, ನಾರು ಬಿಟ್ಟ ಬಲಿತ ಶುಂಠಿಯನ್ನು ಮಾತ್ರ ಆರಿಸಿದರು. ಅಂಗಡಿಯವಳು ಗೊಣಗಿದಳು. ಅತ್ತೆ ನನ್ನ ಹೊಟ್ಟೆಯನ್ನು ತೋರಿಸಿ ಏನೋ ಅಂದರು; ಅವಳು ಗೊಣಗುವುದನ್ನು ಬಿಟ್ಟು ತಾನೂ ಆರಿಸತೊಡಗಿದಳು. ಅಕ್ಕಿಯಿಂದ ಮಾಡಿದ ಕಪ್ಪು ಸಿಹಿ ವಿನೆಗರಿನ ಬಾಟಲಿಗಳು, ಒಣಗಿಸಿದ ಕೆಂಪು ಬೋರೆಹಣ್ಣು, ಲೋಂಗನ್ ಹಣ್ಣಿನ ಒಣ ತಿರುಳು, ಕಪ್ಪು ಅಣಬೆ, ಕಡಲೆಕಾಯಿ ಇವೆಲ್ಲವನ್ನೂ ಗುಲಾಬಿ ಬಣ್ಣದ ಚೀಲಗಳಲ್ಲಿ ತುಂಬಿಕೊಂಡು 30ನೇ ನಂಬರಿನ ಬಸ್ಸು ಹತ್ತಿದೆವು. ಭಾರವನ್ನು ನನಗೆ ಮುಟ್ಟಗೊಡಲಿಲ್ಲ. ಅರವತ್ತರ ಹೆಂಗಸು ನಾಲ್ಕು ಚೀಲ ಹಿಡಿದು ಮುಂದೆ, ಬರಿಗೈಯ ಸೊಸೆ ಹಿಂದೆ.

ಕ್ಯಾಂಟನೀಸ್ ಬಾಣಂತನದ ಮುಖ್ಯ ಅಡುಗೆ ಶುಂಠಿ-ವಿನೆಗರಿನದು. ಶುಂಠಿಯನ್ನು ಕೆರೆದು, ಜಜ್ಜಿ, ಒಣ ಬಾಣಲೆಯಲ್ಲಿ ನೀರಾರುವವರೆಗೆ ಹುರಿದು, ಮಣ್ಣಿನ ಗಡಿಗೆಯಲ್ಲಿ ವಿನೆಗರಿನೊಂದಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿ ಇಡುತ್ತಾರೆ. ಹುಳಿ ಲೋಹವನ್ನು ತಿನ್ನುವುದರಿಂದ ಗಡಿಗೆ ಮಣ್ಣಿನದೇ ಆಗಬೇಕು. ವಾರಗಟ್ಟಲೆ ನೆನೆದು ಶುಂಠಿಯ ಖಾರ ವಿನೆಗರಿಗೆ ಇಳಿದ ಮೇಲೆ ಬೇಯಿಸಿದ ಮೊಟ್ಟೆ ಮತ್ತು ಹಂದಿಯ ಕಾಲುಗಳನ್ನು ಹಾಕುತ್ತಾರೆ. ಹುಳಿಯು ಮೂಳೆಯ ಸುಣ್ಣವನ್ನು ರಸಕ್ಕೆ ಎಳೆಯುತ್ತದೆ, ಶುಂಠಿ ಹಸಿಮೈಯ ಶೀತವನ್ನು ಓಡಿಸುತ್ತದೆ ಎಂಬುದು ಅವರ ಲೆಕ್ಕ. ಇಲ್ಲಿಯೇ ಸಮಸ್ಯೆ ಎದುರಾಯಿತು. ನಾನು ಲಿಂಗಾಯತರ ಮನೆಯವಳು. ಅಮೆರಿಕಕ್ಕೆ ಬಂದ ಮೇಲೆ ಮೊಟ್ಟೆ ತಿನ್ನುವುದನ್ನು ಕಲಿತಿದ್ದೆ, ಅದರಾಚೆಗೆ ಹೋಗಿರಲಿಲ್ಲ. ಮದುವೆಯ ಹೊಸದರಲ್ಲಿ ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ಅತ್ತೆ ಮಗನನ್ನು ಅಡುಗೆಮನೆಗೆ ಕರೆದು, "ಇವಳೇನು ಸನ್ಯಾಸಿನಿಯೇ?" ಎಂದು ಕೇಳಿದ್ದರಂತೆ. ಅವರೂ ಚಾಂದ್ರಮಾನ ತಿಂಗಳ ಒಂದನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಪಾಡ್ಯ ಮತ್ತು ಹುಣ್ಣಿಮೆಯ ಹೊತ್ತಿಗೆ, ಬುದ್ಧನ ಹೆಸರಿನಲ್ಲಿ ಮಾಂಸ ಬಿಡುವವರೇ. ತಿಂಗಳಿನ ಮೂವತ್ತೂ ದಿನ ಬಿಡುವ ಜನರಿದ್ದಾರೆಂಬುದು ಮಾತ್ರ ಅವರಿಗೆ ಬೆರಗಿನ ಸಂಗತಿಯಾಗಿತ್ತು. ಈಗ ಅವರು ಎರಡು ಗಡಿಗೆಗಳನ್ನು ಒಲೆಯ ಮೇಲಿಟ್ಟರು. ದೊಡ್ಡದು ನೋಡಲು ಬರುವ ನೆಂಟರಿಗೆ ಹಂಚಲು, ಕಾಲು ಹಾಕಿದ್ದು. ಚಿಕ್ಕದು ನನಗೆ, ಬರೀ ಶುಂಠಿ ಮತ್ತು ಮೊಟ್ಟೆಯದು. ನನ್ನ ಸಲುವಾಗಿ ಅವರು ಪದ್ಧತಿಯನ್ನು ಮುರಿದರಲ್ಲ ಎಂಬ ಸಂಕೋಚ ನನಗಿತ್ತು.

ಹೆರಿಗೆಯಾದ ಎರಡು ಗಂಟೆಯೊಳಗೆ ಆಸ್ಪತ್ರೆಯ ನರ್ಸ್ ನನ್ನ ಮುಂದೆ ದೊಡ್ಡ ಲೋಟದ ತುಂಬ ಮಂಜುಗಡ್ಡೆ ಹಾಕಿದ ನೀರನ್ನು ತಂದಿಟ್ಟಳು. ಅವಳ ಮುಖದಲ್ಲಿ ಉಪಚಾರವೇ ಇತ್ತು. ಅತ್ತೆ ಆ ಲೋಟವನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಅವರು ಏನೂ ಅನ್ನದೆ ಲೋಟವನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ, ನನ್ನ ಕೈಗೆ ಸಿಗದಷ್ಟು ದೂರದಲ್ಲಿಟ್ಟು, ಫ್ಲಾಸ್ಕಿನಿಂದ ಬಿಸಿಬಿಸಿ ಬೋರೆಹಣ್ಣಿನ ಕಷಾಯವನ್ನು ಬಗ್ಗಿಸಿದರು. ನರ್ಸ್ ಮತ್ತೆ ಬಂದಾಗ ಲೋಟ ತುಂಬಿದ್ದನ್ನು ಕಂಡು ಹೊಸ ಮಂಜುಗಡ್ಡೆ ತಂದಳು. ಅದೂ ಕಿಟಕಿಗೆ ಹೋಯಿತು. ಮನೆಗೆ ಹೊರಡುವ ಹೊತ್ತಿಗೆ ಅಲ್ಲಿ ನಾಲ್ಕು ಲೋಟಗಳಿದ್ದವು. ಹೆರಿಗೆಯ ಮರುದಿನ ಸ್ನಾನ ಮಾಡಿ ಓಡಾಡಿ ಎಂದು ವೈದ್ಯರು ಹೇಳಿದ್ದನ್ನು ನನ್ನ ಗಂಡ ತಾಯಿಗೆ ಅನುವಾದಿಸಲೇ ಇಲ್ಲ. ಅದನ್ನು ನಾನು ಜಾಣತನವೆಂದೇ ಎಣಿಸುತ್ತೇನೆ.

ನಾವಿದ್ದದ್ದು ಊರಿನ ಪಶ್ಚಿಮಕ್ಕೆ, ಸಮುದ್ರದ ಕಡೆಗಿರುವ ಸನ್‌ಸೆಟ್ ಬಡಾವಣೆಯ ಒಂದು ಬಾಡಿಗೆ ಮನೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಬೇಸಿಗೆಯನ್ನು ಅರಿಯದವರಿಗೆ ಹೇಳಬೇಕು: ಜೂನ್ ಮತ್ತು ಜುಲೈನಲ್ಲಿ ಅಲ್ಲಿ ಮಧ್ಯಾಹ್ನದವರೆಗೂ ಮಂಜು ಇಳಿದಿರುತ್ತದೆ, ಸಂಜೆ ಮತ್ತೆ ಬರುತ್ತದೆ, ನಡುವೆ ಗಾಳಿ. ಬಾಣಂತಿಗೆ ಗಾಳಿ ಸೋಕಬಾರದೆಂದು ನಂಬಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶತ್ರು ಬೇಕಿಲ್ಲ. ಅತ್ತೆ ಹಳೆಯ ಟವೆಲುಗಳನ್ನು ಸುರುಳಿ ಸುತ್ತಿ ಕಿಟಕಿಯ ಸಂದುಗಳಿಗೆ ತುರುಕಿದರು. ನನಗೆ ಉಣ್ಣೆಯ ಟೊಪ್ಪಿಗೆ, ಎರಡು ಜೊತೆ ಕಾಲುಚೀಲ. ತಣ್ಣೀರು ಮುಟ್ಟಕೂಡದು, ಹಣ್ಣನ್ನು ಹಸಿಯಾಗಿ ತಿನ್ನಕೂಡದು, ಓದಕೂಡದು, ಅಳಕೂಡದು. ಕೊನೆಯ ಎರಡು ಕಣ್ಣಿಗಾಗಿ. ಈ ತಿಂಗಳಿನಲ್ಲಿ ಅತ್ತರೆ ಮುಂದೆ ಕಣ್ಣು ಮಂಜಾಗುತ್ತದಂತೆ. ನಾನು ಓದುತ್ತಿದ್ದ ಪುಸ್ತಕವನ್ನು ಅವರು ಅಕ್ಕಿಯ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು. ಲ್ಯಾಪ್‌ಟಾಪನ್ನು ನಾನು ದಿಂಬಿನ ಕೆಳಗೆ ಬಚ್ಚಿಟ್ಟೆ. ಇದನ್ನೆಲ್ಲ ಒಪ್ಪಿಕೊಂಡೆನೆಂದು ಹೇಳಲಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ವಿನೆಗರಿನ ಹಬೆ ಪರದೆಗೂ ಕೂಸಿನ ಬಟ್ಟೆಗೂ ಹತ್ತಿ, ಐದನೆಯ ದಿನದ ಹೊತ್ತಿಗೆ ನನಗೆ ನನ್ನ ಮೈಯೇ ಉಪ್ಪಿನಕಾಯಿಯ ಭರಣಿಯಂತೆ ನಾರುತ್ತಿತ್ತು.

ಜಗಳವಾದದ್ದು ನೀರಿನ ವಿಷಯಕ್ಕೆ. ಶೀತದ ಭಯ ಅವ್ವನಿಗೂ ಅತ್ತೆಗೂ ಒಂದೇ, ಪರಿಹಾರ ಮಾತ್ರ ಪೂರ್ತಿ ವಿರುದ್ಧ. ನಮ್ಮಲ್ಲಿ ಬಾಣಂತಿಗೆ ಮೈತುಂಬ ಎಣ್ಣೆ ತಿಕ್ಕಿ, ಹಂಡೆಯಲ್ಲಿ ಕುದಿಯುವ ನೀರನ್ನು ಸುರಿದು, ಲೋಬಾನದ ಹೊಗೆ ಕೊಟ್ಟು ಮಲಗಿಸುತ್ತಾರೆ. ಅವರಲ್ಲಿ ತಿಂಗಳೊಪ್ಪತ್ತು ತಲೆಗೆ ನೀರೇ ಇಲ್ಲ, ಮೈಗೂ ಒದ್ದೆ ಬಟ್ಟೆಯ ಒರೆಸುವಿಕೆ ಮಾತ್ರ. ಸ್ಕೈಪಿನಲ್ಲಿ ಅವ್ವ ನನ್ನ ಜಿಡ್ಡುಗಟ್ಟಿದ ಕೂದಲನ್ನು ನೋಡಿ ಕಿರುಚಿದಳು: "ಎಣ್ಣಿ ಹಚ್ಚಿ ಸುಡುಸುಡು ನೀರು ಹಾಕದಿದ್ರ ಮೈ ಹೆಂಗ ಗಟ್ಟಿ ಆಗತೈತಿ? ಕಿವಿಗೆ ಅರಳಿನೂ ಇಟ್ಟಿಲ್ಲ, ಯಾರವ್ವಾ ನಿನ್ನ ನೋಡಾಕತ್ತಾರು?" ನೋಡುತ್ತಿದ್ದವರು ನನ್ನ ಹಿಂದೆಯೇ ನಿಂತಿದ್ದರು. ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಅತ್ತೆ ಕೂಸನ್ನು ಎತ್ತಿಕೊಂಡು ಹೊರಗೆ ಹೋದರು, ಆ ದಿನವಿಡೀ ನನ್ನೊಡನೆ ಮಾತನಾಡಲಿಲ್ಲ. ಊಟದ ತಟ್ಟೆ ಮಾತ್ರ ಹೊತ್ತಿಗೆ ಸರಿಯಾಗಿ ಬಂತು, ಬಿಸಿಯಾಗಿಯೇ ಬಂತು. ಮರುದಿನ ಬೆಳಿಗ್ಗೆ ಅವರು ನನ್ನ ಹತ್ತಿರ ಬಂದು ಎರಡು ಕಿವಿಗಳಿಗೂ ಅರಳೆಯ ಉಂಡೆ ಇಟ್ಟು, ಟೊಪ್ಪಿಗೆಯನ್ನು ಕೆಳಗೆ ಎಳೆದರು. ಅರಳೆಯ ಮಟ್ಟಿಗೆ ಅವ್ವನ ಮಾತು ಅವರಿಗೆ ಸರಿಯೆನಿಸಿತ್ತು.

ನೀರಿಗೆ ಅವರು ಒಪ್ಪಿದ್ದು ಹನ್ನೆರಡನೆಯ ದಿನ. ಅವರ ಲೆಕ್ಕದಲ್ಲಿ ಹನ್ನೆರಡು ದಿನ ಕಳೆದರೆ ಒಂದು ಗಡಿ ದಾಟಿದಂತೆ. ಶುಂಠಿ-ವಿನೆಗರನ್ನು ತಿನ್ನಲು ಕೊಡುವುದೂ ಆಗಿನಿಂದಲೇ. ತಿಂಗಳಿನಿಂದ ಒಣಗಿಸಿ ಇಟ್ಟಿದ್ದ ಶುಂಠಿಯ ಸಿಪ್ಪೆಯನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದರು. ಬಚ್ಚಲಲ್ಲಿ ಹೀಟರ್ ಹಚ್ಚಿ, ಬಾಗಿಲ ಕೆಳಗೆ ಟವೆಲು ತುರುಕಿ, ನನ್ನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದರು. ಎಳ್ಳೆಣ್ಣೆ ಬೇಕೆಂದು ನಾನು ಕೇಳಿದ್ದಕ್ಕೆ ಗಂಡ ಅಡುಗೆಮನೆಯಿಂದ ಹುರಿದ ಎಳ್ಳಿನ ಚೀನೀ ಎಣ್ಣೆಯ ಸೀಸೆಯನ್ನು ತಂದುಕೊಟ್ಟಿದ್ದ. ಅದನ್ನು ಹಚ್ಚಿಕೊಂಡ ನಾನು ನೂಡಲ್ಸ್ ಅಂಗಡಿಯಂತೆ ಘಮಘಮಿಸುತ್ತಿದ್ದೆ. ಅತ್ತೆ ನಕ್ಕು ನಕ್ಕು ಗೋಡೆಗೆ ಒರಗಿದರು. ಆಮೇಲೆ ಕಂದು ಬಣ್ಣದ ಆ ನೀರನ್ನು ತಂಬಿಗೆಯಲ್ಲಿ ಮೊಗೆದು ನನ್ನ ಬೆನ್ನಿಗೆ ಸುರಿಯತೊಡಗಿದರು. ನೀರು ಸುಡುತ್ತಿತ್ತು, ಶುಂಠಿ ಚುರುಗುಡುತ್ತಿತ್ತು. ಅವ್ವ ಹಾಕುವ ನೀರೂ ಹೀಗೆಯೇ ಸುಡುತ್ತಿತ್ತೇನೋ.

ಅತ್ತೆಯ ಕೈಯನ್ನು ಹತ್ತಿರದಿಂದ ನೋಡಿದ್ದು ಅಂದೇ. ಬಲಗೈಯ ತೋರುಬೆರಳಿನ ಉಗುರು ನಡುವೆ ಸೀಳಿ, ಎರಡು ಹೋಳಾಗಿ, ಹಾಗೆಯೇ ಬೆಳೆದುಕೊಂಡಿತ್ತು. ಹೊಲಿಗೆ ಯಂತ್ರದ ಸೂಜಿ ಬೆರಳಿನ ಮೂಲಕ ಇಳಿದ ಗುರುತು. ಯಾವಾಗ ಎಂದು ಕೇಳಿದೆ. "ರಶ್ ಆರ್ಡರ್," ಎಂದರು. ಅವರ ಇಂಗ್ಲಿಷ್ ಬಹುಮಟ್ಟಿಗೆ ಹೊಲಿಗೆ ಕಾರ್ಖಾನೆಯದು: ಕಾಲರ್, ಜಿಪ್ಪರ್, ಡಜನ್, ರಶ್ ಆರ್ಡರ್. ಆ ರಾತ್ರಿಯಿಂದ, ಎರಡು ಗಂಟೆಗೊಮ್ಮೆ ಹಾಲು ಕುಡಿಸಲು ಎದ್ದಾಗಲೆಲ್ಲ, ಪಕ್ಕದ ಮಡಿಸುವ ಮಂಚದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಅವರು ತಮ್ಮ ಕತೆಯನ್ನು ಚೂರುಚೂರಾಗಿ ಹೇಳಿದರು. ಅವರ ಅರೆ ಇಂಗ್ಲಿಷ್, ನನ್ನ ಕಾಲು ಕ್ಯಾಂಟನೀಸ್, ಉಳಿದದ್ದಕ್ಕೆ ಬೆಳಿಗ್ಗೆ ಗಂಡನ ಅನುವಾದ.

ಕತೆ ಅವರ ಮಾವನಿಂದ ಶುರುವಾಗುತ್ತದೆ. 1882ರ ಕಾನೂನು ಚೀನೀ ಕೂಲಿಕಾರರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದಾಗ ಅನೇಕ ಚೀನೀಯರು ತಾವು ಇಲ್ಲಿಯೇ ಹುಟ್ಟಿದವರೆಂದು ಬರೆಸಿಕೊಂಡರು, ಚೀನಾದಲ್ಲಿ ತಮಗೆ ಇಷ್ಟು ಗಂಡುಮಕ್ಕಳಿದ್ದಾರೆಂದೂ ಬರೆಸಿದರು, ಆ ಮಕ್ಕಳ ಜಾಗಗಳನ್ನು ಮಾರಿದರು. ಹಾಗೆ ಕೊಂಡ ಹೆಸರಿನಲ್ಲಿ ಬಂದವರನ್ನು ಕಾಗದದ ಮಕ್ಕಳೆಂದು ಕರೆಯುತ್ತಿದ್ದರು. ಅತ್ತೆಯ ಮಾವ 1936ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅಂಥ ಒಬ್ಬ ಕಾಗದದ ಮಗನಾಗಿ ಕೊಲ್ಲಿಯ ನಡುವಿನ ಏಂಜೆಲ್ ದ್ವೀಪದಲ್ಲಿ ಇಳಿದರು. 1910ರಿಂದ 1940ರವರೆಗೆ ಅಲ್ಲಿ ವಲಸಿಗರನ್ನು ಹಿಡಿದಿಟ್ಟು ವಿಚಾರಿಸುತ್ತಿದ್ದರು: ನಿಮ್ಮ ಮನೆ ಎಷ್ಟನೆಯ ಸಾಲಿನಲ್ಲಿದೆ, ಬಾವಿ ಯಾವ ದಿಕ್ಕಿಗೆ, ಅಟ್ಟಕ್ಕೆ ಎಷ್ಟು ಮೆಟ್ಟಿಲು? ಉತ್ತರಗಳನ್ನು ಊರಿನಲ್ಲಿ ಬಾಯಿಪಾಠ ಮಾಡಿ, ಬರೆದ ಪುಸ್ತಕವನ್ನು ಹಡಗಿನಿಂದ ಸಮುದ್ರಕ್ಕೆ ಎಸೆದು ಬಂದಿದ್ದರಂತೆ. ಬಹಿಷ್ಕಾರದ ಕಾನೂನು 1943ರಲ್ಲಿ ರದ್ದಾಯಿತಾದರೂ ಚೀನೀಯರಿಗೆ ಕೊಟ್ಟದ್ದು ವರ್ಷಕ್ಕೆ 105 ಜಾಗ. ಅವರು 1947ರಲ್ಲಿ ಹಳ್ಳಿಗೆ ಹೋಗಿ ಮದುವೆಯಾಗಿ, ಹೆಂಡತಿ ಬಸುರಿಯಾದ ಮೇಲೆ ಹಿಂತಿರುಗಿದರು. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು. ಗಂಡಹೆಂಡತಿ ಮತ್ತೆ ಮುಖ ನೋಡಲಿಲ್ಲ. ಅಮೆರಿಕವನ್ನು ತಾಯ್‌ಶಾನಿನವರು ಚಿನ್ನದ ಬೆಟ್ಟವೆಂದು ಕರೆಯುತ್ತಿದ್ದರು, ಹೀಗೆ ಊರಿನಲ್ಲಿ ಉಳಿದವಳು ಚಿನ್ನದ ಬೆಟ್ಟದವನ ಹೆಂಡತಿ. ನನ್ನ ಅತ್ತೆಗೆ ಅತ್ತೆಯಾದ ಆ ಹೆಂಗಸು 1981ರಲ್ಲಿ ತೀರಿಕೊಂಡರು. ಎರಡು ದೇಶಗಳ ನಡುವೆ ಪೂರ್ಣ ಸಂಬಂಧ ಮರಳಿದ್ದು 1979ರಲ್ಲಿ, ಈ ಕುಟುಂಬಕ್ಕೆ ವೀಸಾ ಬಂದದ್ದು 1984ರಲ್ಲಿ.

ಇಳಿದದ್ದು ಚೈನಾಟೌನಿನ ಒಂದು ಒಂಟಿ ಕೋಣೆಗೆ. ಎಂಟಡಿ ಅಗಲ, ಹತ್ತಡಿ ಉದ್ದ, ಮೂವರು. ಅಡುಗೆಮನೆಯೂ ಬಚ್ಚಲೂ ಇಡೀ ಮಹಡಿಗೆ ಒಂದೊಂದೇ. ಬಂದ ಎರಡನೆಯ ವಾರದಿಂದಲೇ ಅತ್ತೆ ಹೊಲಿಗೆ ಕಾರ್ಖಾನೆಗೆ ಹೋಗತೊಡಗಿದರು. ಕೂಲಿ ಗಂಟೆಯ ಲೆಕ್ಕದ್ದಲ್ಲ, ತುಂಡಿನ ಲೆಕ್ಕದ್ದು: ಕಾಲರಿಗೆ ಇಷ್ಟು ಸೆಂಟ್, ಜಿಪ್ಪರಿಗೆ ಇಷ್ಟು. ಶಾಲೆ ಬಿಟ್ಟ ಮೇಲೆ ನನ್ನ ಗಂಡ ಅಲ್ಲಿಗೇ ಬಂದು, ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಕೂತು ಮನೆಪಾಠ ಮುಗಿಸಿ, ಸಣ್ಣ ಕತ್ತರಿಯಿಂದ ತಾಯಿ ಹೊಲಿದ ಉಡುಪುಗಳ ದಾರದ ತುದಿಗಳನ್ನು ಕತ್ತರಿಸುತ್ತಿದ್ದ. ಇಂದಿಗೂ ಅವನ ಅಂಗಿಯಲ್ಲಿ ಒಂದು ದಾರ ಇಳಿಬಿದ್ದಿದ್ದರೆ ಸಭೆಯ ನಡುವೆಯೂ ಬೆರಳಿಗೆ ಸುತ್ತಿ ಕಿತ್ತುಬಿಡುತ್ತಾನೆ. ಹತ್ತೊಂಬತ್ತು ವರ್ಷ ಅತ್ತೆ ಹೊಲಿದರು. ಈ ನಡುವೆ ಮೂರು ಕಾರ್ಖಾನೆಗಳು ಮುಚ್ಚಿದವು. ಕೊನೆಯದು ಮುಚ್ಚುವಾಗ ಎರಡು ತಿಂಗಳ ಕೂಲಿಯನ್ನು ಬಾಕಿ ಉಳಿಸಿಕೊಂಡಿತ್ತು, ಅದು ಬರಲೇ ಇಲ್ಲ. ಹೊಲಿಗೆಯ ಕೆಲಸ ಮೊದಲು ಮೆಕ್ಸಿಕೊಗೆ ಹೋಯಿತು, ಆಮೇಲೆ ಚೀನಾಕ್ಕೆ, ಅದರಲ್ಲಿಯೂ ಅವರು ಬಿಟ್ಟುಬಂದ ಗ್ವಾಂಗ್‌ಡಾಂಗಿಗೆ. "ನಾನು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದೆ, ಕೆಲಸ ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಹೋಯಿತು," ಎಂದು ಅವರು ಹೇಳಿದಾಗ ಅದರಲ್ಲಿ ಕಹಿ ಕಡಿಮೆ, ತಮಾಷೆಯೇ ಹೆಚ್ಚು. ಆ ಬಳಿಕದ ಅವರ ಕೆಲಸ ನನ್ನ ನಾದಿನಿಯ ಇಬ್ಬರು ಮಕ್ಕಳನ್ನು ಸಾಕುವುದು. ಅದಕ್ಕೆ ತುಂಡಿನ ಲೆಕ್ಕವೂ ಇಲ್ಲ.

ಹದಿನಾಲ್ಕನೆಯ ದಿನವಿರಬೇಕು. ಅತ್ತೆ ಚಿಕ್ಕ ಗಡಿಗೆಯಿಂದ ಬಟ್ಟಲಿಗೆ ಬಡಿಸಿ ತಂದರು. ವಿನೆಗರಿನಲ್ಲಿ ದಿನಗಟ್ಟಲೆ ನೆನೆದ ಮೊಟ್ಟೆ ಹೊರಗೆ ಕಪ್ಪಗೆ, ಮುರಿದರೆ ಒಳಗೆ ಕಂದು. ಶುಂಠಿ ಬೆಂದು ಗೆಣಸಿನಂತಾಗಿ, ಅಗಿದರೆ ಮೊದಲು ಸಿಹಿ, ಆಮೇಲೆ ಹುಳಿ, ಗಂಟಲಿಗಿಳಿದ ಮೇಲೆ ಖಾರ. ಚೆನ್ನಾಗಿದೆ ಎಂದೆ. ಹಂದಿಯ ಕಾಲು ಹಾಕದಿದ್ದರೂ ರುಚಿ ಬಂದಿದೆಯಲ್ಲ, ನನಗಾಗಿ ಪದ್ಧತಿ ಬಿಟ್ಟಿರಿ ಎಂದು ಗಂಡನ ಮೂಲಕ ಹೇಳಿಸಿದೆ. ಅತ್ತೆ ಬಟ್ಟಲಿನಿಂದ ಒಂದು ಶುಂಠಿಯ ತುಂಡನ್ನು ತೆಗೆದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಪದ್ಧತಿ ಬಿಟ್ಟಿಲ್ಲ, ನನ್ನದೂ ಇಂಥದೇ ಗಡಿಗೆಯಾಗಿತ್ತು ಎಂದರು.

ನನ್ನ ಗಂಡ ಹುಟ್ಟಿದ್ದು 1976ರ ಚಳಿಗಾಲದಲ್ಲಿ, ಮಾವೋ ತೀರಿಕೊಂಡ ವರ್ಷ. ಹಳ್ಳಿಯಲ್ಲಿ ಆಗ ಹೊಲ ಯಾರದೂ ಅಲ್ಲ. ಉತ್ಪಾದನಾ ತಂಡದ ಪುಸ್ತಕದಲ್ಲಿ ದಿನದ ದುಡಿಮೆಗೆ ಅಂಕ ಬೀಳುತ್ತಿತ್ತು, ಗಂಡಸಿಗೆ ಹತ್ತಾದರೆ ಹೆಂಗಸಿಗೆ ಏಳೋ ಎಂಟೋ. ಮಾಂಸಕ್ಕೆ ಚೀಟಿ ಬೇಕು, ಚೀಟಿಯಿದ್ದರೂ ಹಂದಿಯ ಕಾಲು ಸಿಗದು. ಹೊರದೇಶದಲ್ಲಿ ನೆಂಟರಿದ್ದ ಮನೆಯೆಂದು ಅವರ ಮೇಲೆ ಹಲವು ವರ್ಷ ಅನುಮಾನದ ಕಣ್ಣೂ ಇತ್ತು. ಆ ಚಿನ್ನದ ಬೆಟ್ಟದವನ ಹೆಂಡತಿ, ಸೊಸೆಗೆ ಆರು ತಿಂಗಳು ತುಂಬಿದಾಗಿನಿಂದ ಮನೆಯ ಎರಡು ಕೋಳಿಗಳ ಮೊಟ್ಟೆಯನ್ನು ಮಾರದೆ, ತಾನೂ ತಿನ್ನದೆ, ಉಪ್ಪುನೀರಿನಲ್ಲಿ ಹಾಕಿ ಮಂಚದ ಕೆಳಗೆ ಕೂಡಿಟ್ಟಿದ್ದರು. ವಿನೆಗರ್ ನೀರು ಬೆರೆಸಿದ್ದು. ಶುಂಠಿ ಹಿತ್ತಲಿನದು. ಕಾಲಿಲ್ಲದ ಗಡಿಗೆ. ಅದರಲ್ಲಿ ತಿಂಗಳಿಗೆ ಹದಿನೆಂಟು ಮೊಟ್ಟೆ. ಸಂಖ್ಯೆಯನ್ನು ಅತ್ತೆ ಬೆರಳು ಮಡಚಿ ಎಣಿಸಿ ತೋರಿಸಿದರು. 1959ರಿಂದ ಮೂರು ವರ್ಷಗಳ ಬರಗಾಲದಲ್ಲಿ ಗೆಣಸಿನ ಎಲೆ, ಅಕ್ಕಿಯ ತೌಡು ತಿಂದು ಬೆಳೆದವರು ಅವರು. ಹದಿನೆಂಟು ಮೊಟ್ಟೆ ಅವರಿಗೆ ಸಣ್ಣ ಸಂಖ್ಯೆಯಲ್ಲ. ನಾದಿನಿ ಹುಟ್ಟಿದ 1985ರಲ್ಲಿ ಅವರು ಇಲ್ಲಿದ್ದರು, ಹಂದಿಯ ಕಾಲು ಕೆಳಗಿನ ಬೀದಿಯಲ್ಲೇ ಸಿಗುತ್ತಿತ್ತು. ಆದರೆ ಸಾಮೂಹಿಕ ಒಲೆಯಲ್ಲಿ ಒಂದು ಕುಟುಂಬಕ್ಕೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಗಡಿಗೆ ಇಡುವುದೆಲ್ಲಿ, ಕುದಿಸಿಕೊಡುವವರು ಯಾರು? ಹದಿನೆಂಟನೆಯ ದಿನ ಗುತ್ತಿಗೆಯ ಬಟ್ಟೆಯ ಕಟ್ಟನ್ನು ಕೋಣೆಗೇ ತರಿಸಿಕೊಂಡು ಹೊಲಿಯಲು ಕೂತರಂತೆ. ಎರಡೂ ಸಲ ಹದಿನೆಂಟು, ಎಂದು ಅವರೇ ಗಮನಿಸಿ ಅಚ್ಚರಿಪಟ್ಟರು. ಅಳಕೂಡದೆಂಬ ನಿಯಮವಿದ್ದುದರಿಂದ ನಾನು ಮುಖ ತಿರುಗಿಸಿಕೊಂಡು ಕೂಸಿನ ಕುಲಾವಿಯನ್ನು ಸರಿಪಡಿಸಿದೆ. ಅವರಿಗೆ ಅದು ಕಾಣಿಸದಿರಲಿಲ್ಲ; ಬಟ್ಟಲಿಗೆ ಇನ್ನೊಂದು ಮೊಟ್ಟೆ ಬಿತ್ತು.

ಮಗಳ ಬಗ್ಗೆ ಅವರಿಗಿದ್ದ ಚಿಂತೆ ಒಂದೇ. 2010 ಅವರ ಪಂಚಾಂಗದಲ್ಲಿ ಹುಲಿಯ ವರ್ಷ, ಹುಲಿ ವರ್ಷದ ಹೆಣ್ಣು ಗಂಡನ ಮನೆಗೆ ಜೋರಾಗುತ್ತಾಳೆಂದು ನಂಬಿಕೆ. ಅತ್ತೆ ಹುಟ್ಟಿದ 1950 ಕೂಡ ಹುಲಿಯದೇ. ಅರವತ್ತು ವರ್ಷದ ಚಕ್ರ ತಿರುಗಿ ಅದೇ ವರ್ಷ ಮರಳಿದೆಯೆಂದು ಅವರು ಹೇಳಿದಾಗ, ನಮ್ಮಲ್ಲಿಯೂ ಅರವತ್ತು ಸಂವತ್ಸರಗಳ ಚಕ್ರವೇ ಇದೆ, ಆಗಿನದೂ ಈಗಿನದೂ ವಿಕೃತಿ ಎಂದು ನಾನು ಲೆಕ್ಕ ಹಾಕಿ ತೋರಿಸಿದೆ. ಒಂದು ಬೆಟ್ಟದಲ್ಲಿ ಎರಡು ಹುಲಿ ಇರಲಾಗದೆಂಬ ಗಾದೆಯನ್ನು ಕೂಸಿನ ಕಿವಿಯಲ್ಲಿ ಹೇಳಿ, "ನೀನು ಹುಲಿಯಲ್ಲ, ಕುರೂಪಿ ನಾಯಿಮರಿ," ಎಂದು ಮುದ್ದಾಡಿದರು. ಚೆಂದವೆಂದು ಹೊಗಳಿದರೆ ಕೆಟ್ಟ ಶಕ್ತಿಗಳ ಕಣ್ಣು ಬೀಳುತ್ತದೆಂದು ಅವರ ಹಳ್ಳಿಯಲ್ಲಿ ಮಕ್ಕಳನ್ನು ನಾಯಿ, ಹಂದಿ ಎಂದು ಕರೆಯುತ್ತಿದ್ದರು. ನಮ್ಮ ಸೀಮೆಯಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವುದು ಇದಕ್ಕೇ ಎಂದು ವಿವರಿಸಲು ತಿಪ್ಪೆಗೆ ಕ್ಯಾಂಟನೀಸ್ ಪದ ಗೊತ್ತಿಲ್ಲದೆ ಕಸದ ಡಬ್ಬವನ್ನು ತೋರಿಸಬೇಕಾಯಿತು. ಮಗುವಿಗೆ ಆ ಹೆಸರಿಡುತ್ತಿದ್ದೇನೆಂದು ತಿಳಿದು ಮಾವ ಒಂದು ಗಳಿಗೆ ಗಾಬರಿಯಾದರು.

ತಿಂಗಳು ತುಂಬಿದ ದಿನ ಕೆಂಪು ಮೊಟ್ಟೆ ಮತ್ತು ಶುಂಠಿಯ ಔತಣ. ನಲವತ್ತೆಂಟು ಮೊಟ್ಟೆ ಬೇಯಿಸಿ ಬಣ್ಣ ಹಾಕಿದೆವು. ನನ್ನ ಬೆರಳುಗಳಿಂದ ಆ ಕೆಂಪು ಹೋಗಲು ಮೂರು ದಿನ ಬೇಕಾಯಿತು. ಅತ್ತೆ ತಾವೇ ಹೊಲಿದ ನಾಲ್ಕು ಪಟ್ಟಿಯ 'ಮೇ ದಾಯ್' ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಚೈನಾಟೌನಿನ ಹೋಟೆಲಿನ ಮೆಟ್ಟಿಲು ಹತ್ತಿದರು. ಹೆಸರಿಡುವ ವಿಷಯದಲ್ಲಿ ಮಾವನಿಗೆ ಒಂದು ಹಟವಿತ್ತು. ಅಮೆರಿಕದ ದಾಖಲೆಗಳಲ್ಲಿ ಈ ಮನೆತನದ ಹೆಸರು 1936ರಲ್ಲಿ ಕೊಂಡ ಆ ಕಾಗದದ ಹೆಸರೇ. ಊರಿನ ದಕ್ಷಿಣದ ಕೋಲ್ಮಾದ ಸ್ಮಶಾನದಲ್ಲಿರುವ ಅಜ್ಜನ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕೊಂಡ ಹೆಸರಿದೆ, ಚೀನೀ ಅಕ್ಷರಗಳಲ್ಲಿ ನಿಜವಾದ ಹೆಸರಿದೆ. ಪ್ರತಿ ಏಪ್ರಿಲ್‌ನಲ್ಲಿ ಹಿರಿಯರ ಸಮಾಧಿ ಗುಡಿಸುವ ದಿನ ಅತ್ತೆ ಎರಡನ್ನೂ ಒಂದೇ ಬ್ರಷ್‌ನಿಂದ ಉಜ್ಜುತ್ತಾರೆ. ಮಗಳ ಜನನ ಪತ್ರದಲ್ಲಿ ಕೊಂಡ ಹೆಸರು ಉಳಿಯಿತು. ಕೆಂಪು ಕಾಗದದ ಮೇಲೆ ಮಾವ ನಿಜವಾದ ಹೆಸರನ್ನು ಕುಂಚದಿಂದ ಬರೆದರು. ಅದರ ಕೆಳಗೆ ನಾನು ಕನ್ನಡದಲ್ಲಿ ಅವಳ ಹೆಸರು ಬರೆದೆ. ಅತ್ತೆಗೆ ನನ್ನ ಅಕ್ಷರಗಳು ಮೆಚ್ಚುಗೆಯಾದವು. ದುಂಡಗಿವೆ, ಗುಂಡಿಯ ಕಾಜ ಹೊಲಿದಂತೆ ಎಂದರು.

ಅವ್ವ ಬಂದದ್ದು ಡಿಸೆಂಬರಿನಲ್ಲಿ, ಅಪ್ಪ ಚೇತರಿಸಿಕೊಂಡ ಮೇಲೆ. ಬಾಣಂತನದ ಕಾಲ ಮುಗಿದಿದ್ದರೂ ಎರಡು ಡಬ್ಬ ಅಂಟಿನ ಉಂಡಿ ಕಟ್ಟಿಕೊಂಡು ಬಂದಿದ್ದಳು: ಉತ್ತತ್ತಿ, ಕೊಬ್ಬರಿ, ಗಸಗಸೆ, ಅಂಟು, ಅಳವಿ, ಒಣಶುಂಠಿ. ಅತ್ತೆ ಆ ಸಂಜೆ ಮಂಜಿನಲ್ಲಿ ನಡೆದುಕೊಂಡು ಬಂದರು, ಕೈಯಲ್ಲಿ ಚಿಕ್ಕ ಗಡಿಗೆ. ಇಬ್ಬರೂ ಸೋಫಾದ ಎರಡು ತುದಿಗಳಲ್ಲಿ ಕೂತರು. ಅವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೂಗು ನೀವಿ, ಕಿವಿಯ ಹಿಂದೆ ನೋಡಿ, ತೊಡೆಯನ್ನು ಹಿಂಡಿ, ನನ್ನ ಮುಖವನ್ನೂ ಕೂದಲನ್ನೂ ಪರೀಕ್ಷಿಸಿ, ಕಡೆಗೆ ಒಂದು ಉಂಡಿಯನ್ನು ಅತ್ತೆಯ ಕೈಯಲ್ಲಿಟ್ಟಳು. ಅತ್ತೆ ಅದನ್ನು ಮೂಸಿದರು, ಅರ್ಧ ಕಚ್ಚಿ ನಿಧಾನವಾಗಿ ಅಗಿದರು, ಉಳಿದರ್ಧವನ್ನು ದೀಪಕ್ಕೆ ಹಿಡಿದು ಒಳಗೆ ಏನಿದೆ ಎಂದು ನೋಡಿದರು. ಆಮೇಲೆ ಮಗನ ಕಡೆಗೆ ತಿರುಗಿ ಏನೋ ಅಂದರು. ಅವ್ವ, "ಏನಂತಾರ?" ಎಂದು ಕೇಳಿದಳು.

"ಶುಂಠಿ ಕಡಿಮೆಯಾಯಿತಂತೆ," ಎಂದೆ.

"ಅದು ಖರೇ," ಎಂದಳು ಅವ್ವ. "ಈ ಸಲ ಶುಂಠಿ ಬಲತಿದ್ದು ಸಿಗಲಿಲ್ಲ."